ಒಗೆಯಲು ಹಾಕಿದ ನೀಲಿ ಗೌನು

ಫೆಬ್ರವರಿ 3, ಮಂಗಳವಾರ

ಇಡೀ ಬೆಳಿಗ್ಗೆ ಒಂದು ಕಾಲುಚೀಲಕ್ಕೆ ಹೋಯಿತು. ಜೋಡಿ ಕಳೆದುಹೋದ ಒಂಟಿ ಕಾಲುಚೀಲವನ್ನು ಆ್ಯಪ್ ಹೇಗೆ ತೋರಿಸಬೇಕು? ಮಸುಕಾಗಿ ತೋರಿಸು ಎಂದ ಟೋಬಿನ್. ತೋರಿಸಲೇಬೇಡ ಎಂದಳು ನನ್ನ ಜೊತೆ ಕೋಡ್ ಬರೆಯುವ ಕಿಯಾ. ಮೂವರು ದೊಡ್ಡವರು, ಒಂದು ಕಾಲುಚೀಲ, ಎರಡು ತಾಸು. ಹೊರಗೆ ಮೂಗಿನೊಳಗಿನ ಕೂದಲೂ ಹೆಪ್ಪುಗಟ್ಟುವ ಚಳಿ. ಈ ತಿಂಗಳು ಮಿನಿಯಾಪೊಲಿಸ್‌ನಲ್ಲಿ ಎಲ್ಲರದೂ ಒಂದೇ ಕಪ್ಪು ಕೋಟು. ಅಂಥ ಊರಿನಲ್ಲಿ ಕೂತು ‘ಇವತ್ತು ಏನು ಹಾಕಿಕೊಳ್ಳಲಿ’ ಎನ್ನುವ ಆ್ಯಪ್ ಮಾಡುತ್ತಿದ್ದೇವೆ.

ಜಾಹೀರಾತಿಗೆ ಎರಡು ಸಾಲು ಬರೆದುಕೊಡು ಎಂದ ಟೋಬಿನ್. ಬರೆದೆ: ‘ನಿಮ್ಮ ಬೀರುವಿನ ಬಟ್ಟೆಗಳ ಫೋಟೋ ತೆಗೆದು ಹಾಕಿ. ದಿನಾ ಬೆಳಿಗ್ಗೆ ಏನು ಹಾಕಿಕೊಳ್ಳಬೇಕೆಂದು ನಾವು ಹೇಳುತ್ತೇವೆ. ನೀವು ಮರೆತ ಬಟ್ಟೆಯನ್ನು ನಾವು ಮರೆಯುವುದಿಲ್ಲ.’ ಕೊನೆಯ ಸಾಲು ಅವನಿಗೆ ಬಹಳ ಹಿಡಿಸಿತು. ಮಾರ್ಚ್ 9ಕ್ಕೆ ಬಿಡುಗಡೆ.

ಮೀಟಿಂಗಿನಲ್ಲಿ ಎಂದಿನಂತೆ ಅವಳ ಹೆಸರು. “ಸಿಗ್ನೆ ಈ ಬಟನ್ ಒತ್ತಲ್ಲ.” “ಸಿಗ್ನೆಗೆ ಇಷ್ಟೆಲ್ಲ ಓದೋ ತಾಳ್ಮೆ ಇಲ್ಲ.” ಪರೀಕ್ಷೆಗೆ ನಾವೆಲ್ಲ ಬಳಸುವುದು ಅವಳ ಖಾತೆಯನ್ನೇ. ಕಿಯಾ ಒಬ್ಬಳಿಗೆ ಗೊತ್ತು — ಸಿಗ್ನೆ ನನ್ನ ತಂಗಿ, ಕಾಯಿಲೆಯಲ್ಲಿ ಮಲಗಿದ್ದಾಗ ಹೊತ್ತು ಹೋಗಲೆಂದು ಆ್ಯಪಿನ ಮೊದಲ ಬಳಕೆದಾರಳಾದಳು, ನವೆಂಬರಿನಲ್ಲಿ ತೀರಿಕೊಂಡಳು. ಟೋಬಿನ್ ನಮ್ಮ ಮುಖ್ಯಸ್ಥನಾಗಿ ಸೇರಿದ್ದು ಡಿಸೆಂಬರಿನಲ್ಲಿ. ಅವನ ಪಾಲಿಗೆ ಸಿಗ್ನೆ ಎಂದರೆ ನಾವು ಕಲ್ಪಿಸಿಕೊಂಡ ಒಬ್ಬ ಗಿರಾಕಿ. ಹೇಳಬಹುದಿತ್ತು. ಆದರೆ ಅವಳ ಹೆಸರನ್ನು ಯಾರಾದರೂ ದಿನಾ, ದನಿ ತಗ್ಗಿಸದೆ, ಮಾಮೂಲಾಗಿ ಹೇಳುವುದು ನನಗೆ ಬೇಕಾಗಿದೆ.

ಫೆಬ್ರವರಿ 5, ಗುರುವಾರ

ವಿಚಿತ್ರ. ಸಿಗ್ನೆಯ ಖಾತೆ ತೆರೆದರೆ ಇವತ್ತಿನ ಜೋಡಿಗೆ ಆಗಲೇ ಹಸಿರು ಗುರುತು. ಸಾಸಿವೆ ಬಣ್ಣದ ಸ್ವೆಟರ್, ಬೂದು ಉಣ್ಣೆಯ ಸ್ಕರ್ಟು — ‘ಹಾಕಿಕೊಂಡಿದ್ದೇನೆ’. ಬೆಳಿಗ್ಗೆ ಏಳಕ್ಕೆ. ಅಷ್ಟು ಹೊತ್ತಿಗೆ ಆಫೀಸಿನಲ್ಲಿ ಯಾರೂ ಇರುವುದಿಲ್ಲ. ಇಷ್ಟು ದಿನ ನಮ್ಮಲ್ಲೇ ಯಾರೋ ಒತ್ತಿರಬೇಕೆಂದು ಗುರುತಿನ ಸಮಯ ನೋಡಿರಲಿಲ್ಲ.

“ನೀನು ಒತ್ತಿದ್ಯಾ?” ಎಂದು ಕಿಯಾಳನ್ನು ಕೇಳಿದೆ.

“ಏಳು ಗಂಟೆಗೆ ನಾನು ಬದುಕಿರೋದೇ ಡೌಟು ಕಣೇ,” ಎಂದಳು. ಆಮೇಲೆ ತನ್ನ ಮಾತು ತನಗೇ ಕೇಳಿಸಿ ನಾಲಿಗೆ ಕಚ್ಚಿಕೊಂಡಳು.

ಆ್ಯಪಿನಲ್ಲಿ ಎಲ್ಲೋ ದೋಷ ಇರಬೇಕು.

ಫೆಬ್ರವರಿ 6, ಶುಕ್ರವಾರ

ಇವತ್ತೂ. ಆದರೆ ಇವತ್ತು ಆ್ಯಪ್ ಹೇಳಿದ್ದು ಬಿಳಿ ಶರ್ಟು. ಅದನ್ನು ಬದಲಾಯಿಸಿ ಕೆಂಪು ಚೌಕಳಿಯದು ಆರಿಸಲಾಗಿದೆ. ಅದರ ಮೇಲೆ ಕಂದು ಕಾರ್ಡಿಗನ್. ಕೆಂಪಿಗೆ ಕಂದು! ಲೋಕದಲ್ಲಿ ಆ ಜೋಡಿ ಹಾಕುತ್ತಿದ್ದವಳು ಒಬ್ಬಳೇ. “ಹಳೇ ಸೋಫಾ ಥರ ಕಾಣ್ತೀಯ” ಎಂದು ಗೋಳುಹೊಯ್ದುಕೊಳ್ಳುತ್ತಿದ್ದೆ. “ಸೋಫಾ ಮೇಲೆ ಕೂತ್ಕೊಳ್ಳೋಕೆ ಎಲ್ಲರಿಗೂ ಇಷ್ಟ,” ಎನ್ನುತ್ತಿದ್ದಳು.

ದೋಷಕ್ಕೆ ಅಭಿರುಚಿ ಇರುವುದಿಲ್ಲ. ಲ್ಯಾಪ್‌ಟಾಪ್ ಮುಚ್ಚಿ ಕೆಳಗಿಳಿದು, ಬೇಡದ ಕಾಫಿ ಕುಡಿದು ಬಂದೆ.

ಫೆಬ್ರವರಿ 8, ಭಾನುವಾರ

ಅಮ್ಮನಿಗೆ ಫೋನ್. ಅವಳಿರುವ ಡುಲೂತ್‌ನಲ್ಲಿ ಸರೋವರ ಅರ್ಧ ಹೆಪ್ಪುಗಟ್ಟಿದೆಯಂತೆ. ಊಟ ಮಾಡಿದ್ಯಾ ಎಂದೆ. ಆಯ್ತು ಎಂದಳು. ಕ್ರಿಸ್‌ಮಸ್‌ನಲ್ಲಿ ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ಈಗ ದನಿ ಗಟ್ಟಿಯಾಗಿದೆ. ಆ್ಯಪಿನ ವಿಷಯ ಎತ್ತಲಿಲ್ಲ. ಅವಳನ್ನು ಹೆದರಿಸಿ ಏನು ಬರಬೇಕು?

ದಿನಾ ಏಳು ಗಂಟೆಗೆ ಎದ್ದು ಖಾತೆ ನೋಡುತ್ತೇನೆ. ಗುರುತು ಬಿದ್ದಿರದಿದ್ದರೆ ನಿರಾಳ. ಬೀಳುವವರೆಗೆ ಕಳವಳ. ಬಿದ್ದ ಮೇಲೆ... ಏನೆಂದು ಬರೆಯಲಿ. ಖುಷಿ. ನಾಚಿಕೆಯಿಲ್ಲದ ಖುಷಿ. ಇವತ್ತು ಅವಳು ನೀಲಿ ಜೀನ್ಸಿನಲ್ಲಿದ್ದಾಳೆ ಎಂದುಕೊಂಡು ದಿನ ಕಳೆಯುತ್ತೇನೆ.

ಫೆಬ್ರವರಿ 17, ಮಂಗಳವಾರ

ಕಿಯಾ ಸುಮ್ಮನಿರಲಿಲ್ಲ. ಹುಡುಕಿಯೇ ಬಿಟ್ಟಳು. ಕುರ್ಚಿ ಎಳೆದು ನನ್ನ ಪಕ್ಕ ಕೂತಳು.

“ಮರಿಟ್, ಗುರುತು ಬರ್ತಿರೋದು ಅವಳದೇ ಫೋನಿಂದ.”

“ಯಾರ ಫೋನು?”

“ಸಿಗ್ನೆದು. ಈಗಲೂ ಆನ್ ಇದೆ. ಡುಲೂತ್‌ನಲ್ಲಿದೆ.”

ನಗು ಬಂತು. ತಡೆಯಲಾಗಲಿಲ್ಲ. ಆಮೇಲೆ ಅಳು. ಕಿಯಾ ಬೆನ್ನು ಸವರುತ್ತಾ, “ನಮ್ಮ ಅಜ್ಜಿ ಆಗಿದ್ರೆ ಇಷ್ಟೊತ್ತಿಗೆ ಪೂಜೆಯವರನ್ನ ಕರೆಸಿ ಕೋಳಿ ಕೊಯ್ಸಿರೋರು. ನೀವು ಲುಥೆರನ್ ಚರ್ಚಿನವರು ಬರೀ ಕಾಫಿ ಕುಡಿದು ಸುಮ್ಮನಿರ್ತೀರ,” ಎಂದಳು.

ಫೆಬ್ರವರಿ 21, ಶನಿವಾರ. ಡುಲೂತ್

ಹೇಳದೆ ಬಂದೆ. ಕದ ತಟ್ಟಿದೆ. ಕದ ತೆರೆದದ್ದು ಬೂದು ಸ್ಕರ್ಟು, ಸಾಸಿವೆ ಸ್ವೆಟರ್. ಅರೆಗಳಿಗೆ ಮುಖ ಕಾಣಲಿಲ್ಲ, ಬಟ್ಟೆ ಮಾತ್ರ ಕಂಡಿತು. ಮೆಟ್ಟಿಲ ಮೇಲೆ ಕೂತುಬಿಟ್ಟೆ.

“ಹಿಮದ ಮೇಲೆ ಕೂರ್ತಾರೇನೇ? ಏಳು, ಒಳಗೆ ಬಾ,” ಎಂದಳು ಅಮ್ಮ.

ಸ್ಕರ್ಟು ಸೊಂಟದಲ್ಲಿ ಬಿಗಿ. ಪಿನ್ನು ಹಾಕಿಕೊಂಡಿದ್ದಾಳೆ. ಸ್ವೆಟರಿನ ತೋಳು ಮಡಚಿದ್ದಾಳೆ. ಅಡುಗೆಮನೆಯ ಮೇಜಿನ ಮೇಲೆ ಸಿಗ್ನೆಯ ಫೋನು, ಚಾರ್ಜರಿಗೆ ಸಿಕ್ಕಿಸಿದ್ದು. ನಾನು ಕೇಳುವ ಮೊದಲೇ ಶುರುಮಾಡಿದಳು.

“ಜನವರೀಲಿ ಒಂದಿನ, ಕನೆಕ್ಷನ್ ತೆಗೆಸೋಕೆ ಮುಂಚೆ ಒಂದ್ಸಲ ನೋಡೋಣ ಅಂತ ಫೋನ್ ಚಾರ್ಜಿಗೆ ಹಾಕಿದೆ. ಬೆಳಿಗ್ಗೆ ಅದೇ ಮಾತಾಡ್ತು. ‘ಶುಭೋದಯ ಸಿಗ್ನೆ, ಇವತ್ತು ಇದು ಹಾಕ್ಕೋ’ ಅಂತ. ಯಾರೂ ಹಾಕ್ಕೊಳ್ಳದಿದ್ರೆ ಪಾಪ ಅನ್ನಿಸ್ತು. ಎದ್ದೆ. ಹಾಕ್ಕೊಂಡೆ.”

“ದಿನಾನಾ ಅಮ್ಮ?”

“ದಿನಾ. ಇಲ್ಲದಿದ್ರೆ ಯಾಕೆ ಏಳಬೇಕು ಹೇಳು.”

ಆ ‘ಶುಭೋದಯ’ ಬರೆದವಳು ನಾನು. ಬಳಕೆದಾರರಿಗೆ ಆಪ್ತವೆನಿಸಲಿ ಎಂದು ಹೆಸರು ಸೇರಿಸಿದವಳೂ ನಾನೇ.

ಪಕ್ಕದ ಮನೆಯ ಡಾಗ್ನಿ ಅಂಗಡಿಯ ಹತ್ತಿರ ಹಿಂದಿನಿಂದ ನೋಡಿ “ಸಿಗ್ನೆ!” ಎಂದು ಕೂಗಿದಳಂತೆ. ಅಮ್ಮ ತಿರುಗಿದಳಂತೆ. “ಪಾಪ, ಮೊಟ್ಟೆಯ ಡಬ್ಬಿ ಕೈಬಿಟ್ಟಳು. ಒಂದೂ ಉಳೀಲಿಲ್ಲ,” ಎಂದು ಅಮ್ಮ ನಕ್ಕಳು. ನವೆಂಬರಿನಿಂದ ಈಚೆಗೆ ಅವಳು ನಕ್ಕದ್ದನ್ನು ನೋಡಿದ್ದು ಇದೇ ಮೊದಲು. ನಾನೂ ನಕ್ಕೆ.

ಫೆಬ್ರವರಿ 22, ಭಾನುವಾರ

ತಿಂಡಿಯ ಹೊತ್ತಿಗೆ ಫೋನ್ ಟಿಣ್ ಎಂದಿತು. ಅಮ್ಮ ಕನ್ನಡಕ ಹುಡುಕದೆ, ನೋಡದೆ, ಒತ್ತಿ ಪಕ್ಕಕ್ಕಿಟ್ಟಳು. ಏನದು ಎಂದೆ. ಬ್ರೆಡ್ಡು ಕೈಗೆತ್ತಿಕೊಂಡಳು. ನಾನೇ ತೆಗೆದು ನೋಡಿದೆ.

‘ನಿಮ್ಮ ನೀಲಿ ಗೌನು ಒಗೆತದಿಂದ ಬಂತೇ?’ ಕೆಳಗೆ ಅವಳ ಉತ್ತರ: ‘ಇನ್ನೂ ಇಲ್ಲ.’

ನೀಲಿ ಗೌನು. ಸಿಗ್ನೆಯನ್ನು ಮಣ್ಣು ಮಾಡಿದ್ದು ಅದರಲ್ಲಿ.

“ಒಂದಿನ ಅದನ್ನ ಹಾಕ್ಕೋ ಅಂತು,” ಎಂದಳು ಅಮ್ಮ, ಬ್ರೆಡ್ಡಿಗೆ ಬೆಣ್ಣೆ ಸವರುತ್ತಾ. “ಇಲ್ಲ ಅನ್ನೋಕೆ ಏನಿದೆ ಅಂತ ಹುಡುಕಿದೆ. ಮಾರಿದೆ ಅಂತಿತ್ತು. ಕೊಟ್ಟುಬಿಟ್ಟೆ ಅಂತಿತ್ತು. ಒಗೆಯೋಕೆ ಹಾಕಿದೆ ಅಂತಿತ್ತು. ಮಾರಿಲ್ಲ. ಕೊಟ್ಟುಬಿಟ್ಟೆ ಅಂತ ಒತ್ತೋಕೆ ನನ್ನ ಕೈ ಬರಲಿಲ್ಲ. ಇನ್ನೇನು ಒತ್ತಲಿ?”

ಬಟ್ಟೆಗೆ ಏನೇನು ಆಗಬಹುದು ಎಂದು ನಾವು ಒಂದು ವಾರ ಬಿಳಿಹಲಗೆಯ ಮುಂದೆ ನಿಂತು ಚರ್ಚಿಸಿದ್ದೇವೆ. ಕುಗ್ಗಿದರೆ, ಹರಿದರೆ, ಗೆಳತಿ ಕಡ ಒಯ್ದರೆ. ಇದು ಯಾರಿಗೂ ಹೊಳೆಯಲಿಲ್ಲ. ಆಗ ಸಿಗ್ನೆ ಇನ್ನೂ ಬದುಕಿದ್ದಳು, ಇದೇ ಮನೆಯ ಮೇಲಿನ ಕೋಣೆಯಲ್ಲಿ ಮಲಗಿ, ಅಮ್ಮ ಒಂದೊಂದೇ ಬಟ್ಟೆ ಎತ್ತಿ ಹಿಡಿದ ಹಾಗೆಲ್ಲ ಫೋಟೋ ತೆಗೆಯುತ್ತಿದ್ದಳು. ನೀಲಿ ಗೌನಿನ ಫೋಟೋದ ಅಂಚಿನಲ್ಲಿ ಅಮ್ಮನ ಹೆಬ್ಬೆರಳು ಕಾಣುತ್ತದೆ.

ಫೆಬ್ರವರಿ 26, ಗುರುವಾರ

ಮೀಟಿಂಗ್. ಟೋಬಿನ್ ಉತ್ಸಾಹದಲ್ಲಿದ್ದ. “ಬಿಡುಗಡೆ ದಿನ ಪರೀಕ್ಷೆಯ ಖಾತೆಗಳನ್ನೆಲ್ಲ ಗುಡಿಸಿಹಾಕೋಣ. ಸಿಗ್ನೆಗೂ ಟಾಟಾ!”

ಹೇಳಿಬಿಟ್ಟೆ. ಎಲ್ಲರ ಮುಂದೆಯೇ. ಅವಳು ನನ್ನ ತಂಗಿ, ತೀರಿಕೊಂಡಿದ್ದಾಳೆ, ನನ್ನ ಅಮ್ಮ ಇವತ್ತೂ ಆ ಖಾತೆ ನೋಡಿ ಬಟ್ಟೆ ತೊಡುತ್ತಾಳೆ. ಟೋಬಿನ್‌ನ ಮುಖ ಬಿಳಿಚಿಕೊಂಡಿತು. “ಅಯ್ಯೋ ಮರಿಟ್... ನಾನು ಮೂರು ತಿಂಗಳಿಂದ... ಸಿಗ್ನೆ ಪೆದ್ದಿ, ಸಿಗ್ನೆ ಸೋಮಾರಿ ಅಂತೆಲ್ಲ...” ಪೆದ್ದಿಯಲ್ಲ, ಸೋಮಾರಿ ಹೌದು ಎಂದೆ. ಖಾತೆ ಇರಲಿ, ಯಾರೂ ಮುಟ್ಟಬೇಡಿ ಎಂದ. ಒಳ್ಳೆಯವನು.

ನೆಮ್ಮದಿಯಾಯಿತು ಎಂದುಕೊಳ್ಳುವಷ್ಟರಲ್ಲಿ ಕಿಯಾ ಪಕ್ಕಕ್ಕೆ ಕರೆದಳು.

“ಒಂದು ವಿಷಯ ಇದೆ. ನೀನು ಹೇಳಿದ ಆ ನೀಲಿ ಗೌನಿಂದು. ‘ಇನ್ನೂ ಇಲ್ಲ’ ಅಂತ ಸುಮಾರು ಸಲ ಒತ್ತಿದ್ರೆ ಆಮೇಲೆ ಕೇಳೋದಿಲ್ಲ. ಜನ ಮರೆತಿರ್ತಾರೆ ಅಂತ ಬಟ್ಟೇನ ವಾಪಸ್ ಬೀರುಗೆ ಹಾಕುತ್ತೆ. ನಿನ್ನದೇ ನಿಯಮ.”

“ಗೊತ್ತು.”

“ಎಲ್ಲಕ್ಕಿಂತ ಜಾಸ್ತಿ ದಿನ ಹಾಕದೇ ಇರೋ ಬಟ್ಟೆ ಅದು. ಬೀರುಗೆ ಬಂದ ತಕ್ಷಣ ಅದೇ ಮೊದಲು. ಮಾರ್ಚ್ ಏಳಕ್ಕೆ, ಶನಿವಾರ. ಬೇಕಂದ್ರೆ ನಾನು ಆ ಒಂದು ಫೋಟೋ ಸದ್ದಿಲ್ಲದೆ ತೆಗೆದುಹಾಕ್ತೀನಿ. ನಿಮ್ಮಮ್ಮನಿಗೆ ಗೊತ್ತೇ ಆಗಲ್ಲ.”

ಗೊತ್ತಾಗುತ್ತದೆ. ಆ್ಯಪಿನ ಬೀರುವಿನ ಪುಟಗಳನ್ನು ಅಮ್ಮ ದಿನಾ ತಿರುವುತ್ತಾಳೆ. ಹೆಬ್ಬೆರಳಿರುವ ಆ ಫೋಟೋ ಒಂದು ದಿನ ಇಲ್ಲವಾದರೆ? ಮಗಳ ಗೌನನ್ನು ಎರಡನೇ ಸಲ ಹೂತ ಹಾಗೆ. ತೆಗೆಯದಿದ್ದರೆ, ಶನಿವಾರ ಬೆಳಿಗ್ಗೆ ನಾನು ಬರೆದ ಆ್ಯಪ್ ನಾನು ಬರೆದ ಮಾತಿನಲ್ಲಿ ಸತ್ತ ಮಗಳ ಹೆಸರು ಹಿಡಿದು ಅವಳನ್ನು ಹೂತಾಗ ತೊಡಿಸಿದ ಬಟ್ಟೆಯನ್ನು ಹಾಕಿಕೋ ಎನ್ನುತ್ತದೆ. ಕ್ರಿಸ್‌ಮಸ್‌ನ ಆ ಹಾಸಿಗೆಗೆ ಅಮ್ಮ ಮರಳಿದರೆ ಈ ಸಲ ಏಳುವುದಿಲ್ಲ. ನನಗೆ ಭಯವಾಗುತ್ತಿದೆ.

ಈಗ ಬೇಡ, ತಾಳು ಎಂದೆ ಕಿಯಾಗೆ.

ಮಾರ್ಚ್ 1, ಭಾನುವಾರ

ಫೋನ್ ಮಾಡಿದೆ. ಹವಾಮಾನ ಮಾತಾಡಿದೆವು. ಹೇಳಲಿಲ್ಲ.

ಮಾರ್ಚ್ 3

ಹೇಳಲಿಲ್ಲ.

ಮಾರ್ಚ್ 6, ಶುಕ್ರವಾರ. ಡುಲೂತ್

ಆಫೀಸಿನಲ್ಲಿ ಎಲ್ಲರೂ ಬಿಡುಗಡೆಯ ಗದ್ದಲದಲ್ಲಿ. ಟೋಬಿನ್ ತಾನೇ “ಹೊರಡು” ಎಂದ. ಅಮ್ಮ ಓವನ್ನಿನಲ್ಲಿ ಬೇಯಿಸುವ ಆಲೂಗಡ್ಡೆ ಹಾಟ್‌ಡಿಶ್ ಮಾಡಿದ್ದಳು, ಹಸಿರು ಕಾರ್ಡಿಗನ್ ತೊಟ್ಟಿದ್ದಳು. ತಟ್ಟೆ ಖಾಲಿಯಾಗುವವರೆಗೆ ಕಾದೆ. ಆಮೇಲೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ನಾಳೆ ಅದು ಬರುತ್ತದೆ. ಬೇಡವಾದರೆ ಈಗಲೇ ಕಿಯಾಗೆ ಹೇಳಿ ತೆಗೆಸುತ್ತೇನೆ.

ಅಮ್ಮ ಫೋರ್ಕು ಒರೆಸಿ ಡ್ರಾಯರಿಗೆ ಹಾಕಿದಳು.

“ನನಗೇನು ತಲೆ ಕೆಟ್ಟಿದೆ ಅಂದ್ಕೊಂಡ್ಯಾ?”

“ಇಲ್ಲ ಅಮ್ಮ.”

“ಅಂದ್ಕೊಂಡಿದ್ದೀಯ. ಡಾಗ್ನಿನೂ ಅಂದ್ಕೊಂಡಿದ್ದಾಳೆ, ಪಾದ್ರಿನೂ ಅಂದ್ಕೊಂಡಿದ್ದಾನೆ. ಆ ಗೌನು ಎಲ್ಲಿದೆ ಅಂತ ನಂಗೊತ್ತು ಮರಿಟ್. ಗುಂಡಿ ಹಾಕಿದ್ದು ನಾನು. ಹಿಂದುಗಡೆ ಇರೋವು, ಯಾರಿಗೂ ಕಾಣದಿರೋವು, ಅವನ್ನೂ ಹಾಕಿದ್ದೀನಿ.”

“ಹಾಗಾದ್ರೆ ತೆಗೆಸಲಾ?”

“ಬರಲಿ ಬಿಡು. ಎಷ್ಟು ದಿನ ಅಂತ ಒಗೀತಾ ಇರಲಿ?”

ಮಾರ್ಚ್ 7, ಶನಿವಾರ. ಬೆಳಿಗ್ಗೆ

ಏಳಕ್ಕೆ ಮೊದಲೇ ಇಬ್ಬರೂ ಅಡುಗೆಮನೆಯಲ್ಲಿ. ಅಮ್ಮ ಇವತ್ತು ತನ್ನದೇ ನೈಟಿಯಲ್ಲಿದ್ದಳು. ಕಾಫಿ ಮುಟ್ಟಲಿಲ್ಲ. ಫೋನ್ ನಮ್ಮಿಬ್ಬರ ನಡುವೆ. ಟಿಣ್.

‘ಶುಭೋದಯ ಸಿಗ್ನೆ! ಇವತ್ತಿಗೆ ನಿಮ್ಮ ನೀಲಿ ಗೌನು. ಬಹಳ ದಿನವಾಯಿತು. ಹೊರಗೆ ಚಳಿ, ಮೇಲೊಂದು ಕೋಟು ಇರಲಿ.’

ಅಮ್ಮ ಓದಿದಳು. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದಳು.

“ಕೋಟು ಕೊಡಬೇಕಿತ್ತು ಕಣೇ,” ಎಂದಳು. “ನವೆಂಬರಲ್ಲಿ. ನಮಗೆ ಹೊಳೀಲೇ ಇಲ್ಲ ನೋಡು.”

ನಾನು ಅವಳ ಕೈ ಹಿಡಿಯಲು ಹೋದೆ. ಬಿಡಿಸಿಕೊಂಡಳು, ಬೆರಳು ಬೇಕಾಗಿತ್ತು. ಎರಡು ಬಟನ್: ‘ಬೇರೆ ತೋರಿಸು’, ‘ಹಾಕಿಕೊಂಡಿದ್ದೇನೆ’. ತಡಮಾಡಲಿಲ್ಲ. ‘ಹಾಕಿಕೊಂಡಿದ್ದೇನೆ’ ಒತ್ತಿದಳು.

“ಸುಳ್ಳೇನಲ್ವಲ್ಲ,” ಎಂದಳು. “ಹಾಕ್ಕೊಂಡೇ ಇದ್ದಾಳೆ.”

ಹಸಿರು ಗುರುತು ಬಿತ್ತು. ಇಬ್ಬರೂ ಅತ್ತೆವು, ಅಡ್ಡಿಯಿಲ್ಲದೆ, ಜೋರಾಗಿ, ಶವಸಂಸ್ಕಾರದ ದಿನ ಅಳಬೇಕಾಗಿದ್ದಂತೆ. ಮುಗಿಯಿತು ಎಂದುಕೊಂಡೆ.

ಪರದೆ ಬದಲಾಯಿತು. ನಾನು ಮರೆತೇಬಿಟ್ಟಿದ್ದ ಪರದೆ. ಹೋದ ವಾರ ಸೇರಿಸಿದ್ದು, ಬಹಳ ದಿನದ ಮೇಲೆ ತೊಟ್ಟ ಬಟ್ಟೆಗೆ ಮಾತ್ರ ಬರುವುದು.

‘ಮೈಗೆ ಹಾಯಾಗಿದೆಯೇ?’ ಹೌದು. ಇಲ್ಲ.

ಕೊನೆಯ ವಾರಗಳಲ್ಲಿ ಸಿಗ್ನೆಗೆ ಹತ್ತಿಯ ಹೊದಿಕೆಯೂ ಚುಚ್ಚುತ್ತಿತ್ತು. ತೋಳು ಮುಟ್ಟಿದರೂ ನರಳುತ್ತಿದ್ದಳು. ಆ ಗೌನಿನ ಕಾಲರು ಒರಟು. ನಾವು ಬಣ್ಣ ನೋಡಿ ಆರಿಸಿದೆವು.

ಅಮ್ಮನ ಬೆರಳು ಗಾಳಿಯಲ್ಲೇ ನಿಂತಿತು. ಫೋನನ್ನು ನನ್ನ ಕಡೆ ತಳ್ಳಿದಳು.

“ಇದು ನನ್ನ ಕೈಲಾಗಲ್ಲ. ಬರೆದಿರೋಳು ನೀನು, ನೀನೇ ಒತ್ತು. ಸ್ನಾನ ಮಾಡಿ ಬರ್ತೀನಿ. ಬಂದು ನೋಡ್ತೀನಿ.”

ಮಹಡಿಯಲ್ಲಿ ನೀರಿನ ಸದ್ದು. ಫೋನ್ ಮಂಕಾದಾಗಲೆಲ್ಲ ಮುಟ್ಟಿ ಬೆಳಗಿಸುತ್ತೇನೆ, ಬಟನ್ ತಾಗದಂತೆ, ಅಂಚಿನಲ್ಲಿ. ಹೌದು ಎಂದರೆ ಅಮ್ಮ ನಂಬುತ್ತಾಳೆ. ನಾನು ಹೇಳಿದ್ದನ್ನು ಯಾವಾಗಲೂ ನಂಬುತ್ತಾಳೆ. ನನಗೂ ನಂಬಬೇಕೆನಿಸುತ್ತಿದೆ. ಸಿಗ್ನೆ, ಈಗಲಾದರೂ ಹಾಯಾಗಿದೆಯೇನೇ? ಹೇಳು. ಒಂದು ಸಲ ನೀನೇ—

ನೀರು ನಿಂತಿತು. ಮೆಟ್ಟಿಲಿಳಿಯುತ್ತಿದ್ದಾಳೆ. ನಾನು—