ಹನ್ನೊಂದು ಡಾಲರ್ ನಷ್ಟದ ಜೊತೆ ಟಿಕೆಟ್

ಪೀಟರ್ಸ್‌ಬರ್ಗ್, ಅಲಾಸ್ಕಾ
ಫೆಬ್ರವರಿ ಇಪ್ಪತ್ತೇಳು

ಸಿಗ್ನೆ ಅಕ್ಕ,

ಲಕೋಟೆಯ ಮೇಲಿನ ಕೈಬರಹ ನೋಡಿದ ಕೂಡಲೇ ನೀನು ಇದನ್ನು ಒಲೆಗೆ ಹಾಕಬಹುದೆಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ಎಂಟು ವರ್ಷ ಕ್ರಿಸ್‌ಮಸ್‌ಗೊಂದು ಕಾರ್ಡು, ಅದರೊಳಗೆ ಬರೀ ಹೆಸರು, ಇಷ್ಟರಲ್ಲೇ ಕೈ ತೊಳೆದುಕೊಂಡ ತಮ್ಮ ಈಗ ಪುಟಗಟ್ಟಲೆ ಬರೆಯುತ್ತಿದ್ದಾನೆಂದರೆ ಒಂದೋ ಅವನಿಗೆ ದೊಡ್ಡ ಕಾಯಿಲೆ, ಇಲ್ಲವೇ ದುಡ್ಡು ಬೇಕಾಗಿದೆ ಎಂದುಕೊಳ್ಳಬೇಡ. ವಿಷಯ ಅದಕ್ಕಿಂತ ಗಂಭೀರವಾದದ್ದು. ನನ್ನ ಕ್ರೆಡಿಟ್ ಕಾರ್ಡಿನ ವಾರ್ಷಿಕ ಶುಲ್ಕ ಬರುವ ಸೋಮವಾರ ಬೀಳಲಿದೆ. ತೊಂಬತ್ತೈದು ಡಾಲರ್. ಕಟ್ಟುವುದೋ, ಕಾರ್ಡನ್ನೇ ರದ್ದು ಮಾಡಿಸುವುದೋ ಎಂದು ತೀರ್ಮಾನಿಸಲು ಹತ್ತು ದಿನಗಳಿಂದ ಅಡುಗೆಮನೆಯ ಮೇಜಿನ ಮುಂದೆ ಮಹಾಸಭೆ ನಡೆಸಿದ್ದೇನೆ. ಅಧ್ಯಕ್ಷ ನಾನು, ಖಜಾಂಚಿ ನಾನು, ಎದ್ದು ನಿಂತು ಕೂಗಾಡುವ ವಿರೋಧ ಪಕ್ಷವೂ ನಾನೇ. ಇವತ್ತು ಬೆಳಿಗ್ಗೆ ಸಭೆ ಮುಗಿಯಿತು. ನಿರ್ಣಯವನ್ನು ನಿನಗೆ ತಿಳಿಸುವುದು ನನ್ನ ಕರ್ತವ್ಯ, ಏಕೆಂದರೆ ಅದರಲ್ಲಿ ನಿನ್ನ ಹೆಸರಿದೆ.

ನಮ್ಮೂರಿನಲ್ಲಿ ವಿಮಾನ ಕಂಪನಿಯ ಕಾರ್ಡು ಇಲ್ಲದವನು ಇನ್ನೂ ಹುಟ್ಟಿಲ್ಲ ಎಂಬುದು ನಿನಗೆ ಹೇಳಿಕೊಡಬೇಕಾದದ್ದಲ್ಲ. ಹೊರಗೆ ಹೋಗಲು ರಸ್ತೆಯಿಲ್ಲದ ದ್ವೀಪದಲ್ಲಿ ಮನುಷ್ಯ ಕಾರ್ಡಿನಲ್ಲಿ ಮಾಡಿದ ಖರ್ಚಿಗೆಲ್ಲ ಸಿಗುವ ವಿಮಾನದ ಮೈಲಿಗಳನ್ನು ಕೂಡಿಡದೆ ಇನ್ನೇನು ಕೂಡಿಟ್ಟಾನು? ಮನೆ ಬೆಚ್ಚಗಿಡುವ ಎಣ್ಣೆಗೆ ಕಾರ್ಡು, ಬಲೆಗೆ ಕಾರ್ಡು, ಹಲ್ಲು ಕೀಳಿಸಲು ಕಾರ್ಡು. ಲೈಲ್ ನೆನಪಿದ್ದಾನಲ್ಲ, ನನ್ನ ಪಕ್ಕದ ದೋಣಿಯವನು? ಹೋದ ವರ್ಷ ದೋಣಿಗೆ ಹೊಸ ಎಂಜಿನ್ ಕೊಂಡ. ಹಳೆಯದು ಚೆನ್ನಾಗಿಯೇ ಓಡುತ್ತಿತ್ತು. "ಎಂಜಿನ್ ದುಬಾರಿ ಅಂತ ನೋಡಬೇಡ ಕಣೋ, ಅದರ ಮೈಲಿಯಲ್ಲಿ ಹವಾಯಿಗೆ ಪುಕ್ಕಟೆ ಹೋಗಿಬಂದೆ" ಎಂದು ಇಂದಿಗೂ ಕಂಡಕಂಡವರಿಗೆ ಹೇಳುತ್ತಾನೆ. ಹದಿನಾಲ್ಕು ಸಾವಿರ ಡಾಲರ್ ಕೊಟ್ಟು ಪುಕ್ಕಟೆ ಹೋಗಿಬಂದವನಿಗೆ ಏನು ಹೇಳುತ್ತೀ? ಚೆನ್ನಾಗಿ ಕಪ್ಪಾಗಿದ್ದೀಯಪ್ಪ ಎಂದೆ.

ಮೈಲಿಗಳ ಮಾತು ಬಿಡು. ಶುಲ್ಕ ಕಟ್ಟಿದವನಿಗೆ ವರ್ಷಕ್ಕೊಮ್ಮೆ ಸಿಗುವ ಆ ಜೊತೆ ಟಿಕೆಟ್ ಇದೆಯಲ್ಲ, ಊರಿನ ನಿಜವಾದ ಮಾನ ಅಪಮಾನವೆಲ್ಲ ಅದರಲ್ಲಿದೆ. ಒಬ್ಬರು ಪೂರ್ತಿ ದರ ಕೊಟ್ಟರೆ ಜೊತೆಗಾರರಿಗೆ ತೆರಿಗೆಯೂ ಸೇರಿ ನೂರಿಪ್ಪತ್ತೆರಡು ಡಾಲರ್. ಅವಧಿ ಮುಗಿಯುವ ತನಕ ಅದನ್ನು ಬಳಸದವನನ್ನು ನಮ್ಮವರು ಬಂದರಿನಲ್ಲಿ ಮೀನು ಕೊಳೆಯಲು ಬಿಟ್ಟವನನ್ನು ನೋಡಿದ ಹಾಗೆ ನೋಡುತ್ತಾರೆ. ಫೆಬ್ರವರಿ ಬಂತೆಂದರೆ ಕಿರಾಣಿ ಅಂಗಡಿಯ ಗಲ್ಲಾದಲ್ಲಿ ಕೂತ ಬರ್ನಿಸ್ ಒಬ್ಬೊಬ್ಬರನ್ನೇ ವಿಚಾರಣೆ ಮಾಡುತ್ತಾಳೆ. ನಾನು ಎಂಟು ವರ್ಷದಿಂದ ಅವಳ ಖಾಯಂ ಅಪರಾಧಿ.

ಹತ್ತು ದಿನದ ಹಿಂದೆ ಹಾಲು, ಆಲೂಗಡ್ಡೆ ಹಿಡಿದು ಅವಳ ಮುಂದೆ ನಿಂತೆ. "ಏನಯ್ಯಾ ಅರ್ವಿಡ್, ಈ ವರ್ಷಾನೂ ಟಿಕೆಟ್ ಕೊಳೆಸಿದ್ಯಾ?" ಎಂದಳು, ಸರತಿಯ ಕೊನೆಯವನಿಗೂ ಕೇಳಿಸುವಂತೆ.

"ಎಲ್ಲಿಗೂ ಹೋಗೋದಿರಲಿಲ್ಲ ಬರ್ನಿಸ್."

"ಎಲ್ಲಿಗೂ ಹೋಗದವನು ವರ್ಷಾ ವರ್ಷಾ ಯಾಕೆ ಕಟ್ತೀಯ? ಆ ದುಡ್ಡು ನನಗೆ ಕೊಡು, ವಾರಕ್ಕೊಂದು ಸಲ ನಿನ್ನ ಜೊತೆ ಕೂತು ಕಾಫಿ ಕುಡೀತೀನಿ. ಅದಕ್ಕಿಂತ ಒಳ್ಳೆ ಸೌಲಭ್ಯ ಯಾವ ಬ್ಯಾಂಕೂ ಕೊಡಲ್ಲ."

ಎಲ್ಲರೂ ನಕ್ಕರು, ನಾನೂ ನಕ್ಕೆ. ಚೀಲ ನನ್ನ ಕೈಗೆ ಕೊಡುವಾಗ ಮಾತ್ರ ಅವಳು ದನಿ ತಗ್ಗಿಸಿದಳು. ನಿನ್ನ ಪಕ್ಕದ ಮನೆಯಾಕೆ ಅವಳ ನಾದಿನಿ ಎಂಬುದನ್ನು ನೀನು ಮರೆತಿರಬಹುದು, ಅವರಿಬ್ಬರು ಮರೆತಿಲ್ಲ. "ನಿಮ್ಮಕ್ಕ ಮಂಡಿ ಆಪರೇಷನ್ನನ್ನ ಎರಡು ಸಲ ಮುಂದಕ್ಕೆ ಹಾಕಿದ್ದಾಳಂತೆ. ಮನೆಯವರು ಒಬ್ಬರು ಜೊತೆಗಿಲ್ಲದಿದ್ದರೆ ಸಿಯಾಟಲ್ ಆಸ್ಪತ್ರೆಯವರು ಸೇರಿಸ್ಕೊಳ್ಳಲ್ವಂತೆ. ಯಾರಿದ್ದಾರೆ ಅಂತ ಕೇಳೋ ಜಾಗದಲ್ಲಿ ಇವಳು 'ಯಾರೂ ಇಲ್ಲ' ಅಂತ ಬರೆದು ಕಳಿಸಿದ್ದಾಳೆ. ಏಪ್ರಿಲ್ ಒಂಬತ್ತು ಕೊನೇ ತಾರೀಖಂತೆ, ಅದೂ ತಪ್ಪಿದ್ರೆ ಹೆಸರು ತೆಗೆದುಹಾಕ್ತಾರೆ. ಮೆಟ್ಟಿಲನ್ನ ಹಿಂದುಹಿಂದಾಗಿ ಇಳೀತಾಳಂತೆ ಕಣಯ್ಯಾ, ಮಗು ಇಳಿದ ಹಾಗೆ."

ನಿನ್ನ ಮನೆಗೆ ಬೀದಿಯಿಂದ ಅರವತ್ತನಾಲ್ಕು ಮರದ ಮೆಟ್ಟಿಲು. ನಾನು ಎಣಿಸಿದ್ದೇನೆ, ಎಣಿಸುವುದು ನನ್ನ ಕಸುಬು. ಮೂವತ್ತೊಂದು ವರ್ಷ ಮೀನಿನ ಕಾರ್ಖಾನೆಯಲ್ಲಿ ತೂಕ ಬರೆದವನು ನಾನು. ನಿಮ್ಮೂರು ಕೆಚಿಕಾನ್‌ನ ಮಳೆಯಲ್ಲಿ ಪಾಚಿಗಟ್ಟಿದ ಅರವತ್ತನಾಲ್ಕು ಮೆಟ್ಟಿಲನ್ನು ಎಪ್ಪತ್ತರ ಹೆಂಗಸೊಬ್ಬಳು ಬೆನ್ನು ಹಾಕಿ ಇಳಿಯುವುದನ್ನು ಮನಸ್ಸಿನಲ್ಲೇ ಒಂದೊಂದಾಗಿ ಎಣಿಸುತ್ತ ಮನೆಗೆ ಬಂದೆ. ಆಲೂಗಡ್ಡೆ ಅಂಗಡಿಯಲ್ಲೇ ಉಳಿದಿತ್ತು.

ಮಾರನೆಯ ದಿನ ಕಾರ್ಡು ರದ್ದು ಮಾಡಿಸಿಬಿಡೋಣವೆಂದು ಬ್ಯಾಂಕಿಗೆ ಫೋನ್ ಮಾಡಿದೆ. ಅದೇನು ವೈರಾಗ್ಯವೋ ಹೇಡಿತನವೋ, ಸಭೆ ಇನ್ನೂ ನಡೆಯುತ್ತಿತ್ತು. ಬಿಸಿಲಿನ ಊರಿನ ದನಿಯ ಹುಡುಗಿಯೊಬ್ಬಳು ಸಿಕ್ಕಳು. "ಸರ್, ಜೊತೆ ಟಿಕೆಟ್ಟೇ ನಿಮ್ಮ ಕಾರ್ಡಿನ ದೊಡ್ಡ ಸೌಲಭ್ಯ. ಕಳೆದ ವರ್ಷ ಬಳಸಿಲ್ಲ ಅಂತ ತೋರಿಸ್ತಿದೆ."

"ಹೌದಮ್ಮ, ಬಳಸಿಲ್ಲ."

"ಅದರ ಹಿಂದಿನ ವರ್ಷಾನೂ... ಅದರ ಹಿಂದಿನ... ಅಯ್ಯೋ ಸರ್, ಎಂಟು ವರ್ಷ!" ಅವಳಿಗೆ ಕಲಿಸಿಕೊಟ್ಟಿದ್ದ ಮಾತುಗಳೆಲ್ಲ ಅಲ್ಲಿಗೆ ಮುಗಿದುಹೋದವು. "ಜೊತೆಗೆ ಬರೋಕೆ ಯಾರೂ ಇಲ್ವಾ ಸರ್ ನಿಮಗೆ?"

"ಇದ್ದಾಳೆ. ನಾನು ಕರೆದಿಲ್ಲ."

ಅವಳು ಕೇಳಿದಳು: "ಹಾಗಾದ್ರೆ ಈಗ ರದ್ದು ಮಾಡ್ಲಾ ಸರ್, ಇಲ್ಲಾ ಕರೀತೀರಾ?"

ಕಾರ್ಡಿನ ಶುಲ್ಕದ ಬಗ್ಗೆ ಇಷ್ಟು ನೇರವಾದ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಯೋಚಿಸಿ ಹೇಳುತ್ತೇನೆಂದು ಫೋನ್ ಇಟ್ಟೆ.

ಯೋಚಿಸುವುದೆಂದರೆ ಎಲ್ಲಿಂದ ಶುರುವಾಗುತ್ತದೆಂದು ನಿನಗೂ ಗೊತ್ತು, ನನಗೂ ಗೊತ್ತು. ಎಂಟು ವರ್ಷ ನಾವಿಬ್ಬರೂ ಅದರ ಸುತ್ತ ಸುತ್ತಿ ಹೋಗಿದ್ದೇವೆ. ಈಗ ನೆಟ್ಟಗೆ ಹೇಳಿಬಿಡುತ್ತೇನೆ. ಅಮ್ಮನನ್ನು ಆಸ್ಪತ್ರೆಯ ವಿಮಾನದಲ್ಲಿ ಸಿಯಾಟಲ್‌ಗೆ ಸಾಗಿಸಿದ ಸಂಜೆ ನೀನು ಫೋನ್ ಮಾಡಿದೆ. "ನಾನು ನಾಳೆ ಬೆಳಿಗ್ಗೇನೇ ಇಲ್ಲಿಂದ ಹೊರಡ್ತೀನಿ ಕಣೋ" ಎಂದೆ. ನಾನು ಆಗಲೇ ದರ ನೋಡಿಟ್ಟಿದ್ದೆ. ಒಬ್ಬರಿಗೆ ಐನೂರ ಎಂಬತ್ತು ಡಾಲರ್. ನನ್ನ ಬಳಿ ಜೊತೆ ಟಿಕೆಟ್ ಇತ್ತು. ಆದರೆ ಅದರ ನಿಯಮ ಗೊತ್ತಲ್ಲ: ಇಬ್ಬರೂ ಒಂದೇ ಊರಿನಿಂದ ಒಟ್ಟಿಗೆ ಹೊರಡಬೇಕು, ಒಟ್ಟಿಗೆ ಮರಳಬೇಕು. ನಾನು ಹೇಳಿದ ಮಾತು ಒಂದಕ್ಷರವೂ ಮರೆತಿಲ್ಲ. "ಅವಸರ ಮಾಡಬೇಡಕ್ಕ. ಡಾಕ್ಟರು ಇನ್ನೂ ಒಂದು ವಾರ ಇರ್ತಾಳೆ ಅಂತಿದಾರೆ. ನಾಳೆ ಹಡಗು ಹತ್ತಿ ಇಲ್ಲಿಗೆ ಬಂದುಬಿಡು, ನಾಡಿದ್ದು ಇಬ್ಬರೂ ಜೊತೇಲಿ ಹೋಗೋಣ. ನಾನೂರ ಐವತ್ತೆಂಟು ಡಾಲರ್ ಉಳಿಯುತ್ತೆ." "ನೀನು ಹೇಳಿದ ಮೇಲೆ ಸರಿ" ಎಂದೆ ನೀನು. ಚಿಕ್ಕಂದಿನಿಂದ ಮನೆಯ ಲೆಕ್ಕವೆಲ್ಲ ನನ್ನದೇ ತಾನೆ.

ನೀನು ಹಡಗಿನಲ್ಲಿ ಹತ್ತು ಗಂಟೆ ಉತ್ತರಕ್ಕೆ ಬರುತ್ತಿದ್ದಾಗ, ದಕ್ಷಿಣದ ಸಿಯಾಟಲ್‌ನಲ್ಲಿ ಅಮ್ಮ ಹೋದಳು. ಸುದ್ದಿ ನಮಗೆ ತಲುಪಿದ್ದು ಇಲ್ಲಿನ ವಿಮಾನ ನಿಲ್ದಾಣದಲ್ಲಿ, ಕೈಯಲ್ಲಿ ಎರಡು ಟಿಕೆಟ್ ಹಿಡಿದು ನಿಂತಿದ್ದಾಗ. ಆದರೂ ಹೊರಟೆವು, ಅವಳನ್ನು ಕರೆತರಬೇಕಿತ್ತಲ್ಲ. ಆ ವಿಮಾನ ಹಾಲಿನ ವ್ಯಾನಿನ ಹಾಗೆ ಊರೂರಿಗೆ ಇಳಿದು ಹೋಗುವುದು, ಕೆಚಿಕಾನ್‌ನಲ್ಲೂ ಇಳಿಯಿತು. ಕಿಟಕಿಯಾಚೆ, ನೀರಿನ ಆ ದಡದಲ್ಲಿ, ಗುಡ್ಡದ ಮೇಲೆ ನಿನ್ನ ಮನೆ ಕಾಣುತ್ತಿತ್ತು. ನೀನು ನನ್ನ ಕಡೆ ತಿರುಗಲೂ ಇಲ್ಲ. "ನಾನು ಇಲ್ಲೇ ಹತ್ತಬಹುದಿತ್ತು ಕಣೋ. ನಿನ್ನೆನೇ" ಎಂದೆ. ಅಷ್ಟೇ. ಬೈದಿದ್ದರೆ ಉತ್ತರ ಕೊಡಬಹುದಿತ್ತು. ಮಣ್ಣು ಮಾಡಿ ಬಂದ ಮೇಲೆ ನಮ್ಮ ನಡುವೆ ಮಾತೇ ನಿಂತಿತು. ಕ್ಷಮಿಸು ಎಂದು ಆವತ್ತೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ. ಈಗ ಹೇಳುತ್ತಿದ್ದೇನೆ. ಅಕ್ಕ, ತಪ್ಪು ನನ್ನದು. ಡಾಕ್ಟರರದ್ದಲ್ಲ, ವಿಮಾನ ಕಂಪನಿಯದ್ದೂ ಅಲ್ಲ.

ಆಮೇಲೆ ಆ ಟಿಕೆಟ್ಟನ್ನು ಬಳಸಲು ಕೈ ಬರಲಿಲ್ಲ, ಕಾರ್ಡು ಬಿಡಲೂ ಮನಸ್ಸು ಬರಲಿಲ್ಲ. ಶುಲ್ಕ ಮೊದಲ ಐದು ವರ್ಷ ಎಪ್ಪತ್ತೈದು, ಆಮೇಲೆ ಮೂರು ವರ್ಷ ತೊಂಬತ್ತೈದು. ಒಟ್ಟು ಆರುನೂರ ಅರವತ್ತು ಡಾಲರ್ ಕೊಟ್ಟು ನಾನು ಕೊಂಡದ್ದು 'ಜೊತೆಗಾರರ ಹೆಸರು' ಎಂಬ ಒಂದು ಖಾಲಿ ಜಾಗ. ಲೈಲ್ ಕೇಳಿದರೆ ನನ್ನ ವ್ಯಾಪಾರಕ್ಕಿಂತ ತನ್ನ ಎಂಜಿನ್ನೇ ವಾಸಿ ಎಂದಾನು.

ಇನ್ನು ಸಭೆಯ ಕಡತಕ್ಕೆ ಬರೋಣ. ಎದೆ ಗಟ್ಟಿ ಮಾಡಿಕೋ, ಅಂಕಿಗಳಿವೆ.

ಕಾರ್ಡಿಲ್ಲದೆ ಹೋಗುವುದಾದರೆ, ನಾನು ಇಲ್ಲಿಂದ ಹತ್ತುತ್ತೇನೆ, ಹೋಗಿಬರಲು ನಾನೂರಿಪ್ಪತ್ತು. ಅದೇ ವಿಮಾನಕ್ಕೆ ನೀನು ಕೆಚಿಕಾನ್‌ನಲ್ಲಿ ಹತ್ತುತ್ತೀ, ಮುನ್ನೂರ ಮೂವತ್ತು. ಒಟ್ಟು ಏಳುನೂರ ಐವತ್ತು. ಸುಲಭ, ಶುಭ್ರ, ಸೋಮಾರಿಗೆ ಹೇಳಿ ಮಾಡಿಸಿದ್ದು. ಕಾರ್ಡಿಟ್ಟುಕೊಂಡು ಹೋಗುವುದಾದರೆ ಶುಲ್ಕ ತೊಂಬತ್ತೈದು, ಕೆಚಿಕಾನ್‌ನಿಂದ ನನ್ನ ಟಿಕೆಟ್ ಮುನ್ನೂರ ಮೂವತ್ತು, ನಿನ್ನ ಜೊತೆ ಟಿಕೆಟ್ ನೂರಿಪ್ಪತ್ತೆರಡು. ಆದರೆ ನಿಯಮದ ಪ್ರಕಾರ ಒಂದೇ ಊರಿನಿಂದ ಹೊರಡಬೇಕಲ್ಲ. ನಿನ್ನ ಮಂಡಿ ಇಲ್ಲಿಗೆ ಬರುವ ಹಾಗಿಲ್ಲ, ಬರುವ ಹಾಗಿದ್ದರೂ ಇನ್ನೊಮ್ಮೆ ಬಾ ಎನ್ನಲು ನನಗೆ ಬಾಯಿಲ್ಲ. ಆದ್ದರಿಂದ ನಾನೇ ಹಡಗಿನಲ್ಲಿ ಅಲ್ಲಿಗೆ ಬರಬೇಕು. ಹೋಗಿಬರಲು ನೂರ ನಲವತ್ತೆಂಟು. ಹಡಗಿನ ಊಟ ಇಪ್ಪತ್ತೆರಡು. ಟ್ಯಾಕ್ಸಿ, ಮತ್ತೆ ವಿಮಾನ ನಿಲ್ದಾಣಕ್ಕೆ ನೀರು ದಾಟಿಸುವ ಆ ಪುಟ್ಟ ದೋಣಿ, ನಲವತ್ತನಾಲ್ಕು. ಒಟ್ಟು ಏಳುನೂರ ಅರವತ್ತೊಂದು. ಮೂರು ಸಲ ಕೂಡಿದೆ. ಹನ್ನೊಂದು ಡಾಲರ್ ನಷ್ಟ.

ಖಜಾಂಚಿ ಎದ್ದು ನಿಂತು, ಕಾರ್ಡು ರದ್ದಾಗಲಿ ಎಂದ. ನಷ್ಟದ ವ್ಯವಹಾರಕ್ಕೆ ಈ ಮನೆಯಲ್ಲಿ ಎಂದೂ ಸಹಿ ಬಿದ್ದಿಲ್ಲ ಎಂದು ಮೇಜು ಕುಟ್ಟಿದ. ವಿರೋಧ ಪಕ್ಷ ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು ಒಂದೇ ಪ್ರಶ್ನೆ ಕೇಳಿತು: ಸುಲಭದ ದಾರಿಯಲ್ಲಿ ಆ ಅರವತ್ತನಾಲ್ಕು ಮೆಟ್ಟಿಲನ್ನು ಅವಳು ಯಾರ ಜೊತೆ ಇಳಿಯುತ್ತಾಳೆ? ನಾನು ಮೇಲೆ ವಿಮಾನದಲ್ಲಿ ಬೆಲ್ಟು ಕಟ್ಟಿಕೊಂಡು ಕಡಲೆ ತಿನ್ನುತ್ತಿರುತ್ತೇನೆ, ಕೆಳಗೆ ಅವಳು ಒಂದು ಕೈಯಲ್ಲಿ ಪೆಟ್ಟಿಗೆ, ಒಂದು ಕೈಯಲ್ಲಿ ಕಂಬಿ ಹಿಡಿದು ಹಿಂದುಹಿಂದಾಗಿ ಇಳಿಯುತ್ತಿರುತ್ತಾಳೆ. ಖಜಾಂಚಿ ಕೂತುಬಿಟ್ಟ.

ಎಂಟು ವರ್ಷ ನಾನು ಶಪಿಸಿದ ಆ ನಿಯಮ ಇದೆಯಲ್ಲ, ಒಟ್ಟಿಗೆ ಹೊರಡಬೇಕು, ಒಟ್ಟಿಗೆ ಮರಳಬೇಕು, ಅದರಲ್ಲಿ ತಪ್ಪೇನೂ ಇಲ್ಲ ಅಕ್ಕ. ಯಾರು ಯಾರ ಊರಿಗೆ ಹೋಗಿ ಹೊರಡಬೇಕು ಎಂಬುದರಲ್ಲಿ ನಾನು ಎಡವಿದ್ದೆ.

ಆದ್ದರಿಂದ ಸರ್ವಾನುಮತದ ನಿರ್ಣಯ: ಸೋಮವಾರ ಶುಲ್ಕ ಕಟ್ಟುತ್ತೇನೆ. ಏಪ್ರಿಲ್ ಆರರ ಬೆಳಿಗ್ಗೆ ಹಡಗು ಹತ್ತಿ, ಸಂಜೆ ಆರಕ್ಕೆ ನಿನ್ನ ಊರಿನಲ್ಲಿ ಇಳಿಯುತ್ತೇನೆ. ಏಳರ ಬೆಳಿಗ್ಗೆ ವಿಮಾನ. ಖಾಲಿ ಜಾಗದಲ್ಲಿ ನಿನ್ನ ಹೆಸರು ಬರೆಯುತ್ತೇನೆ, ಮತ್ತು ಆ ಟಿಕೆಟ್ ವಾಪಸು ಕೊಡಲು ಬರುವುದಿಲ್ಲ. ಆ ಹುಡುಗಿಯನ್ನೇ ಮತ್ತೆ ಕೇಳಿ ಖಚಿತಪಡಿಸಿಕೊಂಡಿದ್ದೇನೆ. (ಕರೆಯುತ್ತೇನೆ ಎಂದು ಹೇಳಿದ್ದಕ್ಕೆ ಅವಳು ಕೂಗಿದ ಕೂಗಿಗೆ ಅವಳ ಮೇಲಧಿಕಾರಿ ಬಂದಿರಬೇಕು.) ಮರಳುವ ದಿನ ನಿನ್ನ ಹೊಸ ಮಂಡಿ ಹೇಳಿದಾಗ. ಮೂರು ವಾರವೋ, ಐದೋ, ನನಗೆ ಇಲ್ಲಿ ಕಾಯುವ ಕೆಲಸವೇನೂ ಇಲ್ಲ. ನೀನು ಮಾಡಬೇಕಾದದ್ದು ಒಂದೇ: ಆಸ್ಪತ್ರೆಯ ಕಾಗದದಲ್ಲಿ 'ಯಾರೂ ಇಲ್ಲ' ಎಂಬುದನ್ನು ಹೊಡೆದುಹಾಕಿ ನನ್ನ ಹೆಸರು ಬರೆ. ತಮ್ಮ ಎಂದು ಬರೆಯಲು ಕಷ್ಟವಾದರೆ ಕೂಲಿ ಎಂದು ಬರೆ. ಹಾಗೆ ಕರೆದರೂ ಓಗೊಡುತ್ತೇನೆ.

ಅಮ್ಮನ ಲಟ್ಟಣಿಗೆ ನನ್ನ ಬಳಿಯೇ ಇದೆ. ಅವಳು ಮಾಡುತ್ತಿದ್ದ ಆಲೂಗಡ್ಡೆ ರೊಟ್ಟಿ, ಆ ಲೆಫ್ಸೆ, ಒತ್ತಿ ಡಬ್ಬಿಯಲ್ಲಿ ತರುತ್ತೇನೆ. ನನ್ನ ಲೆಫ್ಸೆ ಇನ್ನೂ ಗುಂಡಗೆ ಬರುವುದಿಲ್ಲ; ನೀನು ಆಡಿಕೊಳ್ಳಲು ಏನಾದರೂ ಬೇಕಲ್ಲ.

ಲೆಕ್ಕದಲ್ಲಿ ಒಂದು ಬಾಬ್ತು ಮಾತ್ರ ನಾನು ಊಹೆಯ ಮೇಲೆ ಹಿಡಿದಿದ್ದೇನೆ, ಅದನ್ನು ಮುಚ್ಚಿಡಬಾರದು. ಆರನೆಯ ತಾರೀಖಿನ ರಾತ್ರಿ ಮಲಗಲು ನಿನ್ನ ಸೋಫಾ ಪುಕ್ಕಟೆ ಎಂದು ಬರೆದುಕೊಂಡಿದ್ದೇನೆ. ನೀನು ಬಾಗಿಲು ತೆಗೆಯದಿದ್ದರೆ ಬೀದಿಯ ಕೊನೆಯ ಲಾಡ್ಜಿಗೆ ನೂರ ನಲವತ್ತು. ಬಾಗಿಲು ತೆರೆದರೆ ನಷ್ಟ ಹನ್ನೊಂದು, ತೆರೆಯದಿದ್ದರೆ ನೂರ ಐವತ್ತೊಂದು. ಎರಡಕ್ಕೂ ದುಡ್ಡು ಎತ್ತಿಟ್ಟಿದ್ದೇನೆ. ಏಳರ ಬೆಳಿಗ್ಗೆ ಮಾತ್ರ, ಎಲ್ಲಿ ಮಲಗಿದ್ದರೂ ಸರಿ, ಆರೂವರೆಗೆ ನಿನ್ನ ಮೆಟ್ಟಿಲಿನ ಮೇಲಿರುತ್ತೇನೆ. ನಿನಗಿಂತ ಒಂದು ಮೆಟ್ಟಿಲು ಕೆಳಗೆ, ನಿನ್ನ ಕಡೆ ಮುಖ ಮಾಡಿ. ಈ ಸಲ ಹಿಂದುಹಿಂದಾಗಿ ಇಳಿಯುವವನು ನಾನು.

ನಿನ್ನ ಮಂಡಿ ಗಟ್ಟಿಯಾಗಲಿ, ನಿನ್ನ ಕೋಪ ಎಷ್ಟು ಬೇಕೋ ಅಷ್ಟು ದಿನ ಬಾಳಲಿ. ಬರುತ್ತೇನೆ.

ನಿನ್ನ ಲೆಕ್ಕ ತಪ್ಪಿದ ತಮ್ಮ,
ಅರ್ವಿಡ್