ಆಡಿದ ನಿಮಿಷಕ್ಕೆ ಇಷ್ಟು

ಶನಿವಾರ, ಬೆಳಗ್ಗೆ ಎಂಟು ಗಂಟೆ

ನನ್ನ ಮುದ್ದು ಬುಗುರಿ,

ಕ್ಷೇಮ ಸಮಾಚಾರ ಆಮೇಲೆ. ಬೂಟಿನ ಲೇಸು ಕಟ್ಟುತ್ತಿದ್ದರೆ ಬಿಟ್ಟು ಮೊದಲು ಇದನ್ನು ಓದು. ಶಿಬಿರದಲ್ಲಿ ನಿಮ್ಮ ಫೋನುಗಳನ್ನೆಲ್ಲ ಕಿತ್ತಿಟ್ಟುಕೊಂಡಿದ್ದಾರೆ, ಗೇಟಿನವನು ನನ್ನನ್ನು ಒಳಗೆ ಬಿಡಲಿಲ್ಲ. ಕೋಚ್‌ಗೆ ಹೇಳಿ ಕಳಿಸಿದರೆ, ಏನಿದ್ದರೂ ಸಂಜೆ ಪಂದ್ಯ ಮುಗಿದ ಮೇಲೆ ಅಂದರಂತೆ. ಅದಕ್ಕೇ ನಿಮ್ಮ ತಂಡದ ಬಸ್ ಡ್ರೈವರಣ್ಣನ ಕೈಕಾಲು ಹಿಡಿದು ಈ ಕಾಗದ ಕೊಡುತ್ತಿದ್ದೇನೆ.

ನಿನ್ನ ಸಂಬಳ ಮಾತಾಡಲು ಸೋಮವಾರ ಕ್ಲಬ್ಬಿನ ಆಫೀಸಿಗೆ ಹೋಗಿದ್ದೆನಲ್ಲ, ಅಲ್ಲಿ ನಡೆದದ್ದನ್ನು ನಿನಗೆ ಪೂರ್ತಿ ಹೇಳಿಲ್ಲ. ಮಾಲೀಕರು ಕುರ್ಚಿ ತಿರುಗಿಸುತ್ತ, ಬುಟ್ಟಿಗೆ ಹಾಕೋನಿಗೆ ಕೊಡೋದರಲ್ಲಿ ಅರ್ಧ ಸಾಕಲ್ಲಮ್ಮ, ನಿನ್ನ ತಮ್ಮ ಬರೀ ಚೆಂಡು ತಂದುಕೊಡೋನು ತಾನೇ ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು. ತಂದುಕೊಡೋನಂತೆ! ಬ್ಯಾಸ್ಕೆಟ್‌ಬಾಲಿನಲ್ಲಿ ಇಡೀ ಆಟ ಕಟ್ಟುವ ಪಾಯಿಂಟ್ ಗಾರ್ಡ್ ಇವರ ಕಣ್ಣಿಗೆ ಟೀ ತರುವವನ ಹಾಗೆ ಕಾಣುತ್ತಾನೆ. ನೀನು ಐದು ನಿಮಿಷ ಬೆಂಚಿನಲ್ಲಿ ಕೂತರೆ ಉಳಿದ ನಾಲ್ವರೂ ಕಣ್ಣು ಕಟ್ಟಿ ಬಿಟ್ಟವರ ಹಾಗೆ ಓಡಾಡುವುದು ಇವರಿಗೆ ಕಾಣುವುದಿಲ್ಲವೇ? ಅದನ್ನೆಲ್ಲ ಹೇಳಿದೆ. ದನಿ ಸ್ವಲ್ಪ ಏರಿತು, ಒಪ್ಪಿಕೊಳ್ಳುತ್ತೇನೆ.

ಕೊನೆಗೆ, ನಿಗದಿ ಸಂಬಳವೇ ಬೇಡ, ಅಂಕಣದಲ್ಲಿ ಆಡಿದ ನಿಮಿಷಕ್ಕೆ ಇಷ್ಟು ಅಂತ ಕೊಟ್ಟುಬಿಡಿ ಎಂದೆ. ನೀನು ಕೂರುವ ಜಾತಿಯವನಲ್ಲವಲ್ಲ, ಹಾಗೆ ನೋಡಿದರೆ ಎಲ್ಲರಿಗಿಂತ ಹೆಚ್ಚು ನಿನಗೇ ಸಿಗುತ್ತದೆ. ಮಾಲೀಕರು ತಕ್ಷಣ ಪೆನ್ನು ತೆಗೆದರು. ಅಷ್ಟು ಹೊತ್ತು ಜಗ್ಗಾಡಿದ ಮನುಷ್ಯ ಹಾಗೆ ಒಪ್ಪಿದ್ದು ಕಂಡು ನಾನೇ ಹಿಂಜರಿದೆ. ಆದರೂ ನಿನ್ನ ಪರವಾಗಿ ಸಹಿ ಹಾಕಿದೆ.

ಈಗ ಗಟ್ಟಿ ಮನಸ್ಸು ಮಾಡಿ ಓದು. ಹೋದ ತಿಂಗಳು ಅಭ್ಯಾಸದಲ್ಲಿ ತಲೆಸುತ್ತಿ ಬಿದ್ದೆಯಲ್ಲ, ಆಗ ಮಾಡಿಸಿದ ಪರೀಕ್ಷೆಯ ವರದಿ ನಿನ್ನೆ ಬಂತು. ನಿನ್ನ ಹೃದಯದ ಗೋಡೆ ದಪ್ಪವಾಗಿದೆಯಂತೆ. ಜೋರಾಗಿ ಓಡುವಾಗ ಇದ್ದಕ್ಕಿದ್ದಂತೆ ನಿಂತುಹೋಗಬಹುದಂತೆ. ಇನ್ನು ಆಡಲೇಕೂಡದು ಅಂತ ಡಾಕ್ಟರು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದಾರೆ. ವರದಿಯನ್ನು ಈ ಕಾಗದದ ಜೊತೆಗೇ ಮಡಚಿಟ್ಟಿದ್ದೇನೆ.

ಇವತ್ತು ನಲವತ್ತಕ್ಕೆ ನಲವತ್ತು ನಿಮಿಷವೂ ನೀನೇ ಆಡುತ್ತೀಯಂತೆ. ಅಕ್ಕ ಅಷ್ಟು ಜಗಳವಾಡಿ ಈ ಕರಾರು ಮಾಡಿಸಿಕೊಟ್ಟಿದ್ದಾಳೆ, ನನ್ನನ್ನು ಒಂದು ಕ್ಷಣವೂ ಕೂರಿಸಬೇಡಿ ಅಂತ ಕೋಚ್ ಹತ್ತಿರ ನೀನೇ ಕೇಳಿಕೊಂಡೆಯಂತೆ. ಡ್ರೈವರಣ್ಣ ಹೆಮ್ಮೆಯಿಂದ ಹೇಳಿದ. ಬೇಡ ಕಣೋ, ನಿನ್ನ ದಮ್ಮಯ್ಯ. ಹೊಟ್ಟೆನೋವು ಅನ್ನು, ಕಾಲು ಉಳುಕಿತು ಅನ್ನು, ಏನಾದರೂ ಸುಳ್ಳು ಹೇಳು. ಅಂಕಣಕ್ಕೆ ಮಾತ್ರ ಇಳಿಯಬೇಡ.

ಗೇಟಿನ ಹೊರಗೇ ಕೂತಿರುವ,
ನಿನ್ನ ಅಕ್ಕ

ಇನ್ನೊಂದು ಮಾತು: ವರದಿ ನಿನ್ನೆ ಬಂತು ಎಂದು ಬರೆದದ್ದು ಸುಳ್ಳು. ವರದಿಯ ಮೇಲಿನ ತಾರೀಖು ನೋಡಿದರೆ ನಿನಗೇ ತಿಳಿಯುತ್ತದೆ. ನಿಗದಿ ಸಂಬಳ ಬೇಕಾದರೆ ಹೃದಯದ ವರದಿ ತಂದುಕೊಡಿ, ನಿಮಿಷದ ಸಂಬಳಕ್ಕೆ ಅದೇನೂ ಬೇಡ ಅಂದಿದ್ದರು ಮಾಲೀಕರು. ಅದಕ್ಕೇ ನಾನು ನಿಮಿಷದ ಲೆಕ್ಕ ಹಿಡಿದದ್ದು. ಒಂದೇ ಒಂದು ವರ್ಷ ಆಡಲಿ, ನನ್ನ ತಮ್ಮ ಏನು ಅಂತ ಇವರಿಗೆ ಗೊತ್ತಾಗಲಿ ಅನ್ನಿಸಿಬಿಟ್ಟಿತು ಕಣೋ. ಸಹಿ ಹಾಕುವಾಗ ವರದಿ ನನ್ನ ಕೈಚೀಲದಲ್ಲೇ ಇತ್ತು.