ಆಟಿ ಕಳೆದ ಮೇಲಿನ ಚೆನ್ನೆಮಣೆ

ನೆರಿಯ
೧೨ ಸೆಪ್ಟೆಂಬರ್ ೨೦೨೪

ಮುದ್ದಿನ ಮಗಳು ಕಾಂತಿಗೆ, ಅಮ್ಮನ ಆಶೀರ್ವಾದ, ಜೊತೆಗೆ ಸ್ವಲ್ಪ ಸಿಟ್ಟು.

ಫೋನಿನಲ್ಲಿ ಹೇಳುವ ಹಾಗಿಲ್ಲ, ನಿನ್ನ ಅಪ್ಪ ಪಕ್ಕದಲ್ಲೇ ಕೂತಿರುತ್ತಾರೆ. ಅದಕ್ಕೇ ಕಾಗದ. ಅಟ್ಟದಲ್ಲಿದ್ದ ಹದಿನಾಲ್ಕು ಗುಳಿಯ ಚೆನ್ನೆಮಣೆಯನ್ನು ಅವರಿಗೆ ಗೊತ್ತಾಗದಂತೆ ಇಳಿಸಿ ಚೀಲಕ್ಕೆ ಹಾಕಿದ್ದೇನೆ. ಮಳೆಗಾಲದ ಆಟಿ ತಿಂಗಳು ಕಳೆದ ಮೇಲೆ ಚೆನ್ನೆ ಆಡಿದರೆ ಮನೆಗೆ ಕೇಡು ಎಂಬುದು ಅವರ ಹಟ. ಮೂಡುಬಿದಿರೆಗೆ, ಮೊಮ್ಮಗಳು ಪ್ರಾಪ್ತಿಗೆ ಕಳಿಸುವ ಎಂದದ್ದಕ್ಕೆ ಎರಡು ದಿನ ಮುಖ ಊದಿಸಿಕೊಂಡಿದ್ದರು.

ಆಟಿಯ ಮಳೆರಜೆಯಲ್ಲಿ ಅವಳು ಇಲ್ಲಿದ್ದಾಗ ಅಂಗಿಯ ಬಟನ್ ಹಾಕಲಾಗದೆ ಅಳುತ್ತ, "ನನ್ನ ಕೈ ಹಾಳುಂಟಾ ಅಜ್ಜಿ?" ಎಂದು ಕೇಳಿದಳು. ಆರು ವರ್ಷದ ಮಗು ಕೇಳುವ ಮಾತೇ ಅದು? ಅಕ್ಷರ ಸೊಟ್ಟ ಎಂದು ಟೀಚರ್ ಬೈಯುತ್ತಾರಂತೆ, ನೀನು ಪೆನ್ಸಿಲನ್ನು ರಬ್ಬರ್ ಬ್ಯಾಂಡಿನಲ್ಲಿ ಬೆರಳಿಗೆ ಬಿಗಿಯುತ್ತೀಯಂತೆ.

ನಿನ್ನದೇನು ಕಮ್ಮಿಯೇ? ನೀನು ಅಂಬೆಗಾಲು ಇಟ್ಟವಳೇ ಅಲ್ಲ. ಕೂತಲ್ಲಿಂದಲೇ ಜಾರುತ್ತ ಜಗಲಿಯಿಡೀ ಗುಡಿಸಿದವಳು, ಒಂದು ದಿನ ಎದ್ದು ಬಾವಿಕಟ್ಟೆಯ ತನಕ ಓಡಿದೆ. ಮಕ್ಕಳಿಗೆ ಮೊದಲು ಕುತ್ತಿಗೆ ನಿಲ್ಲುತ್ತದೆ, ಮತ್ತೆ ಸೊಂಟ, ಮತ್ತೆ ಕಾಲು. ಬೆರಳ ತುದಿಗೆ ಬುದ್ಧಿ ಬರುವುದು ಎಲ್ಲಕ್ಕಿಂತ ಕೊನೆಗೆ. ಮೂರನೇ ಕ್ಲಾಸಿನ ತನಕ ನಿನ್ನ ರಿಬ್ಬನ್ ಕಟ್ಟಿದ್ದು ನಾನು.

ಚೆನ್ನೆ ಆಡುವಾಗ ಒಂದೊಂದು ಗುಳಿಯಲ್ಲಿ ಒಂದೊಂದೇ ಕಾಯಿ ಬಿಡು ಎಂದರೆ ಪ್ರಾಪ್ತಿ ಮೊದಮೊದಲು ಮುಷ್ಟಿ ತುಂಬ ಹಿಡಿದು ಒಂದೇ ಕಡೆ ಸುರಿಯುತ್ತಿದ್ದಳು. ರಜೆ ಮುಗಿಯುವಾಗ ಎರಡೇ ಬೆರಳಲ್ಲಿ ಹೆಕ್ಕಿ ಬಿಡುತ್ತಿದ್ದಳು, ಅಜ್ಜನನ್ನೂ ಸೋಲಿಸಿದಳು. ಹೊರಡುವ ದಿನ ಒಂದು ಬಟನ್ ತಾನೇ ಹಾಕಿಕೊಂಡಳು. ಬಸ್ಸಿನ ಗಡಿಬಿಡಿಯಲ್ಲಿ ನೀನು ನೋಡಲಿಲ್ಲ.

ಡಾಕ್ಟರಿಗೆ ತೋರಿಸು, ಬೇಡ ಎನ್ನುವುದಿಲ್ಲ. ಆದರೆ ಆ ರಬ್ಬರ್ ಬ್ಯಾಂಡ್ ಬಿಸಾಡು ಮಗಾ. ಸಂಜೆ ಅವಳೆದುರು ಕೂತು ಆಡು, ಕೆಲವು ಸಲ ಸೋಲು. ಕೈ ಹಾಳಾಗಿಲ್ಲ ಎಂದು ಅವಳಿಗೆ ನಾವು ಹೇಳಿದರೆ ಸಾಲದು, ಅವಳ ಕೈಯೇ ಹೇಳಬೇಕು. ಕೇಡು ಬರುವುದಿದ್ದರೆ ನನಗೆ ಬರಲಿ.

ಚೆನ್ನೆ ಆಡುವ ಮಂಜೊಟ್ಟಿ ಕಾಯಿಗಳಲ್ಲಿ ಅರ್ಧದಷ್ಟನ್ನು ಇಲಿ ಕೊಂಡುಹೋಗಿದೆ. ಸದ್ಯಕ್ಕೆ ಹುಣಸೆ ಬೀಜ ಹಾಕಿದ್ದೇನೆ.

ನಿನ್ನದೇ ಚಿಂತೆಯಲ್ಲಿರುವ
ಅಮ್ಮ, ಅಮ್ಮಣಿ

ತಾ.ಕ.: ಈ ಕಾಗದ ಇಡಲು ಚೀಲ ಬಿಚ್ಚಿದರೆ ಹುಣಸೆ ಬೀಜ ಇಲ್ಲ. ನಿನ್ನ ಅಪ್ಪ ಹೆಗಲಿಗೆ ಹಾಕುವ ಹಳೆಯ ಬೈರಾಸಿನ ತುಂಡಿನಲ್ಲಿ ಕೆಂಪು ಮಂಜೊಟ್ಟಿ ಕಾಯಿಯ ಗಂಟು ಉಂಟು. ಹೊಸದಾಗಿ ಹೆಕ್ಕಿ, ತೊಳೆದು, ಒರೆಸಿದ್ದು. ಮೊಣಕಾಲು ನೋವಿನ ಮನುಷ್ಯ ಯಾವ ಮರದ ಬುಡದಲ್ಲಿ ಬಗ್ಗಿದರೋ. ಈಗ ಚಪ್ಪಲಿ ಹಾಕಿ ಅಂಗಳದಲ್ಲಿ ನಿಂತು ಕರೆಯುತ್ತಿದ್ದಾರೆ: "ಬರೆದದ್ದು ಸಾಕು ಮಾರಾಯ್ತಿ, ಚೀಲ ಕೊಡು. ಮೂಡುಬಿದಿರೆ ಬಸ್ಸಿಗೆ ನಾನೇ ಹಾಕಿ ಬರ್ತೇನೆ."